ನಾಲ್ವರು ಕ್ವಾರ್ಟರ್‌ಬ್ಯಾಕುಗಳ ಯಜಮಾನ

ಎದುರಿಗೆ ಒಳ್ಳೆಯದೊಂದು ಕಂಡರೆ, ಅದು ನನಗೆ ಬೇಕೋ ಬೇಡವೋ ಎಂದು ಯೋಚಿಸುವಷ್ಟು ತಾಳ್ಮೆ ನನಗಿಲ್ಲ. ಬೇರೆ ಯಾರಾದರೂ ಎತ್ತಿಕೊಂಡು ಹೋದರೆ ಎಂಬ ಗಾಬರಿಯಲ್ಲಿ ಮೊದಲು ಎತ್ತಿಕೊಳ್ಳುತ್ತೇನೆ. ಇಲ್ಲಿ ಅಮೆರಿಕದಲ್ಲಿ, ಫ್ರೀಮಾಂಟಿನ ಇಂಡಿಯನ್ ಅಂಗಡಿಗೆ ಇಂಗು ತರಲು ಹೋದವನು, ಅಂದೇ ಬಂದಿಳಿದ ಹಲಸಿನ ಹಪ್ಪಳವನ್ನು ನಾಲ್ಕು ಕಟ್ಟು ತಂದಿದ್ದೇನೆ, ಇಂಗನ್ನಲ್ಲ. ನನ್ನ ಹೆಂಡತಿ ಶೈಲಾ ಇಂಗಿಲ್ಲದ ಸಾರನ್ನೇ ಬಡಿಸುತ್ತಾಳೆ, ನಾನು ಹಪ್ಪಳ ನೆಂಚಿಕೊಂಡು ಉಂಡು ಏಳುತ್ತೇನೆ. ಮನೆಯಲ್ಲಿ ಹೀಗೆ ನಡೆದುಹೋಗುತ್ತದೆ. ಆದರೆ ಆಫೀಸಿನಲ್ಲಿ ಈ ಗುಣದಿಂದ ಒಬ್ಬ ಒಳ್ಳೆಯ ಹೆಂಗಸಿನ ಆಸೆ ಮಣ್ಣುಪಾಲಾಯಿತು.

ಅದು ಡಾಟ್‌ಕಾಮ್ ಕಾಲ. ಸ್ಯಾನ್ ರಮೋನಿನಲ್ಲಿದ್ದ ನಮ್ಮ ಕಂಪನಿ ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತಿತ್ತು, ಅಥವಾ ಮಾರಲು ಹೊರಟಿತ್ತು. ಬಾಗಿಲಲ್ಲೇ ಕೂತು ಫೋನು ಎತ್ತುವವರು ಗ್ಲೋರಿಯಾ. ಅವರಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಪ್ರತಿವರ್ಷ ಸೀಸನ್ನಿಗೆ ಮುಂಚೆ ಆಫೀಸಿನಲ್ಲಿ ಇಬ್ಬಿಬ್ಬರ ಎಂಟು ಜೋಡಿಗಳಾಗಿ, ನಿಜವಾದ ಆಟಗಾರರ ಪಟ್ಟಿಯಿಂದ ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತಿದ್ದೆವು. ಭಾನುವಾರ ಆ ಆಟಗಾರರು ಮೈದಾನದಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಮಗೆ ಅಂಕ. ಗ್ಲೋರಿಯಾ ಎರಡು ವರ್ಷ ಎರಡನೆಯವರಾಗಿ ನಿಂತಿದ್ದರು. ಜನವರಿಯಲ್ಲಿ ಗಂಡನ ಜೊತೆ ಸ್ಯಾಕ್ರಮೆಂಟೋಗೆ ಹೊರಡುವವರಿದ್ದರು. ಹೋಗುವ ಮೊದಲು ಒಂದೇ ಒಂದು ಸಲ ನಮ್ಮ ಬಾಸ್ ರಿಕ್‌ನನ್ನು ಸೋಲಿಸಬೇಕು ಎಂಬುದು ಅವರ ಆಸೆ. ಅದಕ್ಕೆ ಜೋಡಿಯಾಗಿ ಆರಿಸಿಕೊಂಡದ್ದು ನನ್ನನ್ನು. ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು.

ಆರಿಸುವ ದಿನವೇ ಅವರಿಗೆ ಹಲ್ಲು ಕೀಳಿಸಬೇಕಾಗಿ ಬಂತು. "ಮೊದ್ಲು ಓಡೋರು ಇಬ್ಬರನ್ನ ಹಿಡಿ ಮೂರ್ತಿ. ಚೆಂಡು ಎಸೆಯೋನು ಆಮೇಲೂ ಸಿಗ್ತಾನೆ, ಅವನು ಒಬ್ಬ ಸಾಕು" ಎಂದು ಕೆನ್ನೆ ಹಿಡಿದುಕೊಂಡೇ ಹೇಳಿಹೋದರು. ಚೆಂಡು ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ನಾನು ತಲೆಯಾಡಿಸಿದೆ. ಆದರೆ ಮೀಟಿಂಗ್ ರೂಮಿನಲ್ಲಿ ರಿಕ್ ಹಂಚಿದ ಪಟ್ಟಿಯಲ್ಲಿ ಆಟಗಾರರ ಹೆಸರಿನ ಮುಂದೆ ರ‍್ಯಾಂಕು ಇತ್ತು! ರ‍್ಯಾಂಕು ಕಂಡದ್ದೇ ನನ್ನ ಬುದ್ಧಿ ಸಿಇಟಿ ಕೌನ್ಸೆಲಿಂಗಿನ ಹಾಲಿಗೆ ಓಡಿತು. ಅಲ್ಲಿ ನನಗೆ ಬೇಕಾಗಿದ್ದದ್ದು ಸಿವಿಲ್. ಪಕ್ಕದಲ್ಲಿ ಕೂತಿದ್ದ ಸೋದರಮಾವ, "ಎಲೆಕ್ಟ್ರಾನಿಕ್ಸ್ ಸೀಟು ಕಣ್ಮುಂದೆ ಇರೋವಾಗ ಸಿವಿಲ್ ಯಾರಾದ್ರೂ ತಗೋತಾರೇನೋ? ರ‍್ಯಾಂಕು ವೇಸ್ಟ್ ಆಗುತ್ತೆ ಕಣೋ!" ಎಂದು ನನ್ನ ಮೊಣಕೈ ಹಿಂಡಿದ್ದರು. ಎಲೆಕ್ಟ್ರಾನಿಕ್ಸ್ ಓದಿದೆ. ಹಾಗಾಗಿ ಪರದೆ ಮಾರುತ್ತಿದ್ದೆ.

ನಮ್ಮ ಸರದಿ ಬಂದಾಗ ಉಳಿದವರಲ್ಲಿ ಎಲ್ಲರಿಗಿಂತ ಮೇಲಿದ್ದವನು ಒಬ್ಬ ಕ್ವಾರ್ಟರ್‌ಬ್ಯಾಕ್. ತೆಗೆದುಕೊಂಡೆ. ಮುಂದಿನ ಸುತ್ತಿನಲ್ಲೂ ಮೇಲಿದ್ದವನು ಕ್ವಾರ್ಟರ್‌ಬ್ಯಾಕೇ. ಇಂಥವನನ್ನು ಬಿಟ್ಟು ಎಲ್ಲೋ ಕೆಳಗಿರುವ ಓಟಗಾರನನ್ನು ಆರಿಸಲು ಕೈ ಬರಲಿಲ್ಲ. ಮೂರನೆಯವನನ್ನು ಹೇಳಿದಾಗ ರಿಕ್ ಕೆಮ್ಮಿದ. ನಾಲ್ಕನೆಯವನಿಗೆ ಇಡೀ ರೂಮು ನನ್ನತ್ತ ತಿರುಗಿತು. ಹೊಟ್ಟೆಕಿಚ್ಚು ಎಂದುಕೊಂಡೆ.

ಮರುದಿನ ಗ್ಲೋರಿಯಾ ಊದಿದ ಕೆನ್ನೆಯಲ್ಲಿ ಬಂದು ನಮ್ಮ ತಂಡದ ಕಾಗದ ನೋಡಿದರು. "ವಾರಕ್ಕೆ ಎಷ್ಟು ಕ್ವಾರ್ಟರ್‌ಬ್ಯಾಕ್ ಆಡಿಸಬಹುದು ಮೂರ್ತಿ?"

"ಒಬ್ಬ."

"ಉಳಿದ ಮೂವರು ಏನ್ ಮಾಡ್ತಾರೆ?"

"ಅವರು ತುಂಬಾ ಒಳ್ಳೆಯವರು" ಎಂದೆ. ನಮಗೆ ಸಿಕ್ಕ ಓಟಗಾರರಲ್ಲಿ ಒಬ್ಬ ಆಗಲೇ ಮಂಡಿ ಮುರಿದುಕೊಂಡಿದ್ದ, ಇನ್ನೊಬ್ಬನ ಹೆಸರು ಗ್ಲೋರಿಯಾ ಕೂಡ ಕೇಳಿರಲಿಲ್ಲ.

ರಿಕ್ ಒಂದು ಅದಲುಬದಲು ಸೂಚಿಸಿದ. ನಮ್ಮ ಎರಡನೆಯ ಕ್ವಾರ್ಟರ್‌ಬ್ಯಾಕನ್ನು ಕೊಟ್ಟರೆ, ತನ್ನಲ್ಲಿ ಹೆಚ್ಚಾಗಿರುವ ಓಟಗಾರನನ್ನು ಕೊಡುತ್ತಾನಂತೆ. ಅದಕ್ಕೆ ಜೋಡಿಯ ಇಬ್ಬರ ಸಹಿಯೂ ಬೇಕು. ಗ್ಲೋರಿಯಾ ಓದದೆಯೇ ಸಹಿ ಹಾಕಿದರು. ನನಗೆ ಆಗಲಿಲ್ಲ. ಒಂಬತ್ತನೇ ರ‍್ಯಾಂಕಿನವನನ್ನು ಕೊಟ್ಟು ಮೂವತ್ತೊಂದನೆಯವನನ್ನು ತರುವುದೇ? ಮಾವ ಊರಿನಲ್ಲಿ ಕೂತೇ ನನ್ನ ಮೊಣಕೈ ಹಿಂಡಿದಂತಾಯಿತು. ನಾಳೆ, ನಾಳೆ ಎಂದು ಮೂರು ವಾರ ತಳ್ಳಿದೆ. ಕೊನೆಗೆ ಪೆನ್ನು ತೆರೆಯುವ ಹೊತ್ತಿಗೆ ಆ ಕ್ವಾರ್ಟರ್‌ಬ್ಯಾಕ್ ಭುಜಕ್ಕೆ ಪೆಟ್ಟು ಮಾಡಿಕೊಂಡು ಮನೆ ಸೇರಿದ್ದ. ರಿಕ್ ಕಾಗದ ವಾಪಸು ತೆಗೆದುಕೊಂಡ.

ಎಂಟು ಜೋಡಿಗಳಲ್ಲಿ ನಾವು ಏಳನೆಯವರಾದೆವು. ಗೆದ್ದವನು ರಿಕ್. ಗ್ಲೋರಿಯಾ ಬೈಯಲಿಲ್ಲ. "ನನಗೆ ನಿಜವಾಗ್ಲೂ ಬೇಕಿತ್ತು ಮೂರ್ತಿ" ಎಂದರು, ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು. ಮನೆಗೆ ಬಂದು ಹೇಳಿದರೆ ಶೈಲಾ, "ಪಾಪ, ನಿಮ್ಮನ್ನ ಜೋಡಿ ಮಾಡ್ಕೊಳ್ಳೋ ಮುಂಚೆ ಅವರು ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ರೀ?" ಎಂದು ಗ್ಲೋರಿಯಾ ಪರವಾಗಿ ನಿಟ್ಟುಸಿರಿಟ್ಟಳು. ಇನ್ನು ಮುಂದೆ ಏನೇ ಆರಿಸುವುದಿದ್ದರೂ ಮೊದಲು ಯಾವುದರ ಕೊರತೆಯಿದೆ ಎಂದು ನೋಡುತ್ತೇನೆ, ಆಮೇಲೆ ಕೈಚಾಚುತ್ತೇನೆ ಎಂದು ಅವಳೆದುರು ಶಪಥ ಮಾಡಿದೆ.

ಜನವರಿಯಲ್ಲಿ ಗ್ಲೋರಿಯಾ ಹೊರಟರು. ಅವರ ಜಾಗಕ್ಕೆ ಬಂದವರನ್ನು ಇಂಟರ್‌ವ್ಯೂ ಮಾಡಲು ರಿಕ್ ನನ್ನನ್ನು ಕೂರಿಸಿದ. ಇಬ್ಬರು ಬಂದಿದ್ದರು. ಒಬ್ಬಾಕೆ ಹನ್ನೊಂದು ವರ್ಷ ಒಂದು ದೊಡ್ಡ ಕ್ಲಿನಿಕ್ಕಿನಲ್ಲಿ ಫೋನು ಎತ್ತಿದವರು, ದನಿ ಕೇಳಿದರೇ ಅರ್ಧ ಕಾಯಿಲೆ ವಾಸಿಯಾಗಬೇಕು. ಇನ್ನೊಬ್ಬನದು ಭೌತಶಾಸ್ತ್ರದಲ್ಲಿ ಡಾಕ್ಟರೇಟ್. ಡಾಟ್‌ಕಾಮ್ ಕಂಪನಿಯೊಳಗೆ ಕಾಲಿಡಲು ಯಾವ ಕೆಲಸವಾದರೂ ಸರಿ ಎಂದ. ಡಾಕ್ಟರೇಟ್! ಅದೂ ಬಾಗಿಲಿಗೆ ತಾನಾಗಿಯೇ ಬಂದು ಕೂತಿರುವಾಗ! ಅವನನ್ನೇ ಆರಿಸಿದೆ.

ಅವನು ನಿಜಕ್ಕೂ ಮೇಧಾವಿ. ಎರಡೇ ವಾರದಲ್ಲಿ ಒಳಗಿನ ಕೋಣೆ ಸೇರಿ, ಯಾವ ಅಗಲದ ಪರದೆಗೆ ಎಷ್ಟು ನೆರಿಗೆ ಬರಬೇಕೆಂದು ಸೂತ್ರ ಬರೆಯತೊಡಗಿದ. ಮಾರ್ಚಿನಲ್ಲಿ ಒಂದು ದಿನ ಸ್ಯಾಕ್ರಮೆಂಟೋದಿಂದ ಗ್ಲೋರಿಯಾ ಎಲ್ಲರನ್ನೂ ಮಾತಾಡಿಸೋಣವೆಂದು ಫೋನು ಮಾಡಿದರು.

"ಮೂರ್ತಿ? ಫೋನು ನೀನ್ಯಾಕೆ ಎತ್ತಿದೆ?" ಎಂದರು.

"ಒಂದ್ನಿಮಿಷ ಗ್ಲೋರಿಯಾ, ಇನ್ನೊಂದು ಲೈನ್ ಬರ್ತಿದೆ" ಎಂದೆ.