ತಲೆದಿಂಬಿನ ಸ್ನಾನ

ಮುದುಕಿಯಾಗುವುದು ಅಂಥ ಕಷ್ಟದ ಕೆಲಸವೇನಲ್ಲ. ಸುಮ್ಮನೆ ಕೂತರೂ ಆಗುತ್ತದೆ. ಕಷ್ಟ ಶುರುವಾಗುವುದು ನಾವು ಮುದುಕರಾಗಿದ್ದೇವೆ ಅಂತ ಮನೆಯವರಿಗೆ ಗೊತ್ತಾದ ಮೇಲೆ. ನನ್ನ ಮಗನಿಗೆ ಅದು ಗೊತ್ತಾದದ್ದು ಕಮಲಾಪುರದ ಮನೆಯ ಹಿತ್ತಲಲ್ಲಿ ನಾನು ಜಾರಿ ಬಿದ್ದ ದಿನ. ನೆಗ್ಗಿದ್ದು ಕೊಡ ಮಾತ್ರ. ಆದರೂ ಅವನು ನನ್ನನ್ನೂ ನನ್ನ ಟ್ರಂಕನ್ನೂ ಎತ್ತಿಕೊಂಡು ಕಲಬುರಗಿಯ ಖೂಬಾ ಪ್ಲಾಟಿನ ತನ್ನ ಮನೆಗೆ ತಂದಿಟ್ಟ. ಅಂದಿನಿಂದ ನನ್ನದು ಜಗಲಿಯ ಮೇಲಿನ ದೇವರ ಪಾಡು. ಹೊತ್ತುಹೊತ್ತಿಗೆ ನೈವೇದ್ಯ ಬರುತ್ತದೆ, ಬಂದವರೆಲ್ಲ ಕಾಲು ಮುಟ್ಟುತ್ತಾರೆ. ಆದರೆ ದೇವರು ಎದ್ದು ಒಂದು ಲೋಟ ತೊಳೆಯಲು ಹೊರಟರೆ ಮನೆಯೆಲ್ಲ ಗಾಬರಿ. "ಕೂಡ್ರಿ ಅತ್ತಿ, ನೀವು ಆರಾಮ ಕೂಡ್ರಿ" ಎಂದು ಸೊಸೆ ಸವಿತಾ ಓಡಿ ಬರುತ್ತಾಳೆ. ಆರಾಮ ಕೂತೂ ಕೂತೂ ನನಗೆ ಸೊಂಟನೋವು ಬಂದಿದೆ.

ಇಂಥದ್ದರಲ್ಲಿ ಮೊಮ್ಮಗಳು ಹುಟ್ಟಿದಳು. ನಾನು ಕಲಿತದ್ದು ಮೂರನೇ ಕ್ಲಾಸು. ಆ ಕೂಸಿನ ಚಂದ ಬರೆಯಲು ನನಗೆ ಗೊತ್ತಿರುವ ಅಕ್ಷರ ಸಾಲುವುದಿಲ್ಲ. ಸವಿತಾ ತವರಿನಿಂದ ಅದನ್ನು ಕರೆದುಕೊಂಡು ಬಂದ ದಿನ ನಾನು ಬೀದಿಯ ತರಕಾರಿಯವನಿಗೂ ಸಕ್ಕರೆ ಕೊಟ್ಟೆ. ಇನ್ನು ದಿನಾ ಕೂಸಿಗೆ ಎರೆಯುವವಳು ನಾನೇ ಎಂದುಕೊಂಡು ಸೆರಗು ಸಿಕ್ಕಿಸಿದೆ. ಕಮಲಾಪುರದ ನಮ್ಮ ಓಣಿಯ ಅರ್ಧ ಮಕ್ಕಳು ನನ್ನ ಕಾಲಮೇಲೆ ಮಲಗಿ ನೀರು ಹಾಕಿಸಿಕೊಂಡವರು. ಈಗ ಅವರು ಮೀಸೆ ತಿರುವುತ್ತ ಬೈಕಿನ ಮೇಲೆ ಬಂದು "ಶರಣ್ರೀ ಆಯಿ" ಅಂದರೆ ನನಗೆ ತಟ್ಟನೆ ಗುರುತು ಹತ್ತುವುದಿಲ್ಲ. ನನಗಿರುವುದು ಅವರ ಮುಖಕ್ಕಿಂತ ಬೆನ್ನಿನ ಪರಿಚಯ.

ಆದರೆ ಸ್ವಂತ ಮೊಮ್ಮಗಳಿಗೆ ಎರೆಯಲು ಹೊರಗಿನವಳೊಬ್ಬಳನ್ನು ಗೊತ್ತು ಮಾಡಿದ್ದರು. "ನಿಮಗ್ಯಾಕ ತಕಲೀಫ?" ಅಂದಳು ಸವಿತಾ. "ಯವ್ವಾ, ಜಾರಿದ್ರ ನೀ ಒಬ್ಬಾಕಿ ಅಲ್ಲ, ಇಬ್ರು ಬೀಳ್ತೀರಿ" ಅಂದ ಮಗ. ದಿನಾ ಬಚ್ಚಲ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಒಳಗಿನಿಂದ ಬಿಸಿನೀರಿನ ಹಬೆ ಬರುತ್ತಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು, ಕೂಸಿನ ಚೀರಾಟ ಬರುತ್ತಿತ್ತು. ಕೂಸು ಮಾತ್ರ ನನ್ನ ಕಾಲಮೇಲೆ ಬರುತ್ತಿರಲಿಲ್ಲ. ಆ ಬೆಚ್ಚನೆಯ ತೊಯ್ದ ಭಾರಕ್ಕೆ ನನ್ನ ಮೊಣಕಾಲು ಎಷ್ಟು ಹಂಬಲಿಸುತ್ತಿದ್ದವು ಎಂದರೆ, ತಮ್ಮ ನೋವನ್ನೇ ಮರೆಯುತ್ತಿದ್ದವು.

ಒಂದು ಮಧ್ಯಾಹ್ನ ತಡೆಯಲಾಗದೆ ನನ್ನ ಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಮಂಚದ ಮೇಲೆ ಕಾಲು ಚಾಚಿ, ತಲೆದಿಂಬನ್ನು ಬೋರಲು ಮಲಗಿಸಿಕೊಂಡು, ಬೆನ್ನು ನೀವಿ, ಕೈಯಿಂದಲೇ ನೀರು ಹಾಕಿದಂತೆ ಮಾಡುತ್ತ, "ಅಳಬ್ಯಾಡ ನನ್ನ ಬಂಗಾರಿ, ಆಯ್ತು, ಇದೊಂದ ತಂಬಿಗಿ" ಎಂದು ರಮಿಸುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಸವಿತಾ.

"ಅತ್ತಿ, ಏನ್ ಮಾಡ್ಲಾಕತ್ತೀರಿ?"

"ದಿಂಬು ಮೆತ್ತಗ ಮಾಡ್ಲಾಕತ್ತೀನಿ."

"ಹಂಗಾದ್ರ ಲೋಬಾನದ ಹೊಗಿನೂ ಹಾಕ್ರಿ, ಇಲ್ಲಂದ್ರ ದಿಂಬಿಗಿ ನೆಗಡಿ ಆದೀತು!" ಎಂದು ಗೊಳ್ಳನೆ ನಕ್ಕಳು. ನಾನು ನಗಲಿಲ್ಲ. ಅವಳ ನಗೆಯೂ ಅರ್ಧಕ್ಕೆ ನಿಂತಿತು. ಮಂಚದ ತುದಿಗೆ ಕೂತು, "ಖರೇ ಹೇಳ್ರಿ. ಕೆಳಗ ಕೂತು ಎರಿಲಾಕ ನಿಮಗ ಆಗ್ತದೇನ್ರಿ?" ಅಂದಳು. ಈ ಮನೆಗೆ ಬಂದ ಮೇಲೆ ಎಲ್ಲರೂ ನನಗೆ ಹೇಳಿದವರೇ. ಕೇಳಿದ್ದು ಇದೇ ಮೊದಲು. ಹಾಗಾಗಿ ನಾನೂ ಖರೇನೇ ಹೇಳಿದೆ: "ಎರಿಲಾಕ ಆಗ್ತದವ್ವ. ಕೂಡ್ಲಾಕೂ ಆಗ್ತದ. ಏಳೂದೊಂದು ಆಗಂಗಿಲ್ಲ."

"ಮತ್ತ ಅದನ್ನ ಮೊದ್ಲೇ ಹೇಳಬಾರದಾ? ಏಳಸ್ಲಾಕ ನಾ ಇಲ್ಲೇನು?"

ಮರುದಿನ ಎರೆಯುವವಳಿಗೆ ಬರಬೇಡ ಅಂದಳು. ಬಚ್ಚಲಿಗೆ ಒಣ ಗೋಣಿತಟ್ಟು ಹಾಸಿ, ಗೋಡೆಗೆ ಒರಗಿ ಕೂರುವಂತೆ ಮಣೆ ಇಟ್ಟಳು. ನಾನು ಕೂತು ಕಾಲು ಚಾಚಿದ ಮೇಲೆ ಕೂಸನ್ನು ತಂದು ಮಲಗಿಸಿದಳು. ಎಣ್ಣೆ ಸವರಿದ ಆ ಪುಟ್ಟ ಬೆನ್ನಿಗೆ ಮೊದಲ ತಂಬಿಗೆ ನೀರು ಬಿದ್ದಾಗ ಕೂಸು ಓಣಿಗೆಲ್ಲ ಕೇಳುವಂತೆ ಚೀರಿತು. ನಾನು ಸದ್ದಿಲ್ಲದೆ ಅತ್ತೆ. ಹಬೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೈ ಏನನ್ನೂ ಮರೆತಿರಲಿಲ್ಲ. ಎರಡನೆಯ ತಂಬಿಗೆಗೆ ಕೂಸು ಸುಮ್ಮನಾಯಿತು, ಆಮೇಲೆ ಆಕಳಿಸಿತು.

ಸವಿತಾ ಅದನ್ನು ಸುತ್ತಿ ಎತ್ತಿಕೊಂಡು, "ನಿಮ್ಮನ್ನ ಏಳಸ್ಲೇನ್ರಿ?" ಅಂದಳು. ಗೆದ್ದ ಹುರುಪಿನಲ್ಲಿ ನಾನು, "ನೀ ನಡಿ, ಕೂಸಿಗಿ ಥಂಡಿ ಹತ್ತತದ. ನಾ ಬರ್ತೀನಿ" ಅಂದುಬಿಟ್ಟೆ. ಅವಳು ಹೋದಳು. ನಾನು ಎಡಕ್ಕೆ ಹೊರಳಿ ನೋಡಿದೆ, ಬಲಕ್ಕೆ ಹೊರಳಿ ನೋಡಿದೆ, ಮನೆದೇವರನ್ನು ಕರೆದು ನೋಡಿದೆ. ಸೊಸೆಯನ್ನು ಮಾತ್ರ ಕರೆಯಲಿಲ್ಲ. ಕೂಸನ್ನು ಮಲಗಿಸಿ ಅವಳೇ ಬಂದಳು. ನನ್ನನ್ನು ನೋಡಿದಳು. ನಗಲಿಲ್ಲ, ಪುಣ್ಯಾತಗಿತ್ತಿ. ಬಾಗಿಲಿಗೆ ಒರಗಿ ಬಲು ಗಂಭೀರವಾಗಿ, "ಅತ್ತಿ, ನಾಳಿ ನೀರು ಎಷ್ಟೊತ್ತಿಗಿ ಕಾಸಲ್ರಿ?" ಎಂದು ಕೇಳಿದಳು.

ಮನೆಯ ಹಿರಿಯಳ ಠೀವಿಯಲ್ಲಿ ನಾನು ಹೊತ್ತು ಹೇಳಿದೆ, ನೀರು ಇನ್ನೂ ಜರಾ ಬಿಸಿ ಇರಲಿ ಅಂದೆ, ಬೇರೆ ಎಣ್ಣೆ ತರಿಸು ಅಂದೆ. ಎಲ್ಲ ಅಪ್ಪಣೆಗಳನ್ನೂ ಬಚ್ಚಲ ನೆಲದ ಮೇಲೆ ಕೂತೇ ಕೊಟ್ಟು ಮುಗಿಸಿ, ಆಮೇಲೆ ಕೈ ಚಾಚಿದೆ.