ಮಾವನವರ ಪಿಕಪ್ಪಿಗೆ ಕೆಂಪು ಫಿಲ್ಟರ್ ಹಾಕಿದ ಬಗ್ಗೆ

ಇಂದ:
ಗೇಲನ್ ಕ್ಲೀವರ್, ಗೋಧಿ ಬೆಳೆಗಾರ, ಪಶ್ಚಿಮ ಕಾನ್ಸಸ್
(ಸದ್ಯ ಪಿಕಪ್ ಚಾಲನೆಯಿಂದ ಅಮಾನತುಗೊಂಡವನು)

ಗೆ:
ಶ್ರೀಮತಿ ಆರ್ಲಿಸ್ ಕ್ಲೀವರ್, ಅರ್ಜಿದಾರನ ಹೆಂಡತಿ ಹಾಗೂ ಕೀಲಿಕೈ ಪಾಲಕರು, ಅಡುಗೆಮನೆ

ವಿಷಯ: ತಮ್ಮ ದಿವಂಗತ ತಂದೆಯವರ ಡೀಸೆಲ್ ಪಿಕಪ್ಪಿಗೆ ಮೊದಲಿನ ಕಾಗದದ ಏರ್ ಫಿಲ್ಟರನ್ನೇ ಹಾಕಲು ಅನುಮತಿ ಹಾಗೂ ಕೀಲಿಕೈ ಮರುಮಂಜೂರಾತಿ ಕೋರಿ.

ಉಲ್ಲೇಖ: ಕಳೆದ ಶನಿವಾರ ರಸ್ತೆ ಬದಿಯಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ, ಅಂದಿನಿಂದ ಜಾರಿಯಲ್ಲಿರುವ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಮ್ಮ ತಂದೆ ಆರ್ವಿಲ್ ಪೆನ್ನರ್ ಅವರು ಹತ್ತೊಂಬತ್ತು ವರ್ಷ ಸದರಿ ವಾಹನಕ್ಕೆ ಕಾಗದದ ಫಿಲ್ಟರ್ ಬಿಟ್ಟು ಬೇರೇನನ್ನೂ ಹಾಕಲಿಲ್ಲ. ಗೋಧಿ ಕಟಾವಿನ ಧೂಳನ್ನು ಅದು ತಡೆಯುತ್ತಿತ್ತು. ಇದರಲ್ಲಿ ತಕರಾರಿಲ್ಲ.

೨. ಹೀಗಿರುವಾಗ, ಸಹಕಾರಿ ಗೋದಾಮಿನ ಕಾಫಿ ಮೇಜಿನ ಬಳಿ ಡೆಲ್ಮರ್ ಎಂಬ ನೆರೆಯವನು, "ಲೇ ಗೇಲನ್, ಕಾಗದದ ಫಿಲ್ಟರ್ ಇದ್ರೆ ಇಂಜಿನ್ನು ಮೂಗು ಹಿಡ್ಕೊಂಡು ಉಸಿರಾಡ್ದಂಗೆ ಕಣೋ. ಕೆಂಪು ಬಟ್ಟೇದು ಹಾಕು. ಟರ್ಬೊ ಹೆಂಗೆ ಶಿಳ್ಳೆ ಹೊಡಿಯತ್ತೆ ನೋಡು!" ಎಂದನು. ಮನೆಯಲ್ಲಿ ಈ ಪ್ರಸ್ತಾವವನ್ನು ಮಂಡಿಸಿದಾಗ ತಾವು, "ಡೆಲ್ಮರನ ಪಿಕಪ್ಪು ಯಾವತ್ತಾದ್ರೂ ಹೊಲದ ದಾರಿ ಕಂಡಿದ್ಯಾ? ವಾರಕ್ಕೊಂದ್ಸಲ ಮೇಣ ಹಚ್ಚಿ ಉಜ್ಜೋದು ಬಿಟ್ರೆ ಅವನಿಗೇನು ಕೆಲ್ಸ?" ಎಂದು ಕೇಳಿದಿರಿ. ಅರ್ಜಿದಾರನು ಇದನ್ನು ಒಪ್ಪಿಗೆ ಎಂದು ಭಾವಿಸಿದನು. ಅದು ಕೂರುವ ತೆರೆದ ಬಾಯಿಯ ಡಬ್ಬಿ ಸಮೇತ ಕೆಂಪು ಫಿಲ್ಟರನ್ನು ತರಿಸಿ ಕೂರಿಸಿದನು.

೩. ಸದರಿ ಫಿಲ್ಟರನ್ನು ಆಗಾಗ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಬೇಕು. ಅರ್ಜಿದಾರನು ಹುಟ್ಟಿದಾಗಿನಿಂದ ಯಂತ್ರಗಳಿಗೆ ಗ್ರೀಸ್ ತಿನ್ನಿಸುತ್ತ ಬಂದವನು. ಗ್ರೀಸ್ ಜಾಸ್ತಿಯಾಗಿ ಸತ್ತ ಯಂತ್ರವನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಕಾರಣ, ಇಡೀ ಬಾಟಲಿಯನ್ನೇ ಸುರಿದನು. ಸೂಚನಾ ಚೀಟಿ ಓದಲು ಕನ್ನಡಕ ಹತ್ತಿರವಿರಲಿಲ್ಲ, ಓದುವ ಮನಸ್ಸೂ ಇರಲಿಲ್ಲ.

೪. ಆದ್ದರಿಂದ ಶನಿವಾರ, ಚರ್ಚಿನ ಸಹಾಯಾರ್ಥ ಹರಾಜಿಗೆ ತಾವು ಚಳಿಗಾಲವಿಡೀ ಕೂತು ಹೊಲಿದ ಕೌದಿಯನ್ನು ಒಯ್ಯುವಾಗ, ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಂಡು, ವಾಹನವು ಕಪ್ಪು ಹೊಗೆ ಬಿಡುತ್ತ ನಡಿಗೆಯ ವೇಗಕ್ಕೆ ಇಳಿಯಿತು. ಟ್ರ್ಯಾಕ್ಟರೊಂದು ಹಿಂದಿಕ್ಕಿತು. ಅದರ ಚಾಲಕನು ವಾಡಿಕೆಯಂತೆ ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತಿ ವಂದಿಸಿದನು. ಅರ್ಜಿದಾರನಿಗೆ ಬೆರಳೆತ್ತುವ ಮುಖವಿರಲಿಲ್ಲ. ತಲುಪುವಷ್ಟರಲ್ಲಿ ಕೌದಿಗಳ ಹರಾಜು ಮುಗಿದಿತ್ತು.

ಮರಳುವಾಗ ರಸ್ತೆ ಬದಿಯಲ್ಲಿ ತಾವು ಕೈ ಚಾಚಿದಿರಿ. "ಇದು ನಮ್ಮಪ್ಪನ ಗಾಡಿ. ಕೀ ಕೊಡು."

"ಕೌದಿ ಮುಂದಿನ ವರ್ಷ ಕೊಡಬಹುದಲ್ಲ, ಆರ್ಲಿಸ್."

"ಕೌದಿ ವಿಷ್ಯ ಅಂದ್ಕೊಂಡ್ಯಾ? ಏನು ಹಾಳ್ಮಾಡಿದೀನಿ ಅಂತ ಗೊತ್ತಾದ ದಿನ ಬಂದು ಕೇಳು."

೫. ತಾನು ಹಾಳು ಮಾಡಿದ್ದು ಸೆನ್ಸರನ್ನು ಎಂದು ತಿಳಿದು ಅರ್ಜಿದಾರನು ಅದನ್ನು ಶುಚಿಗೊಳಿಸಿದನು. ಕೀಲಿಕೈ ಬರಲಿಲ್ಲ. ಮೂರು ದಿನ ಹೊಲಕ್ಕೆ ನಡೆದೇ ಹೋದನು. ನಡೆಯುವವನಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ತಮ್ಮ ತಂದೆ ತೀರಿಕೊಂಡ ಈ ಎರಡು ವರ್ಷ, ಸಂಜೆ ಪಿಕಪ್ಪು ಅಂಗಳಕ್ಕೆ ತಿರುಗಿದಾಗಲೆಲ್ಲ ತಾವು ಕಿಟಕಿಯ ಹಿಂದೆ, ಹಿಟ್ಟು ನಾದುತ್ತಿದ್ದವರು, ತಲೆಯೆತ್ತುತ್ತಿದ್ದಿರಿ. ಅರ್ಜಿದಾರನು ಅದು ತನಗಾಗಿಯೇ ಎಂದು ತಿಳಿದು ಒಳಗೊಳಗೇ ಬೀಗುತ್ತಿದ್ದನು. ಶಿಳ್ಳೆ ಹೊಡೆಯುವ ಫಿಲ್ಟರ್ ಬಂದ ದಿನದಿಂದ ತಾವು ತಲೆಯೆತ್ತಿಲ್ಲ. ಬದಲಾದದ್ದು ತಮ್ಮ ತಂದೆಯವರ ಗಾಡಿಯ ಸದ್ದು; ಗಾಡಿಯಲ್ಲಿ ಬರುತ್ತಿದ್ದವನು ಮಾತ್ರ ಅದೇ ಗೇಲನ್. ಇದು ತಿಳಿದಾಗ ಅರ್ಜಿದಾರನಿಗೆ ಮೊದಲು ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ತುಂಬಾ ನಾಚಿಕೆಯಾಯಿತು.

ಆದಕಾರಣ, ಕಾಗದದ ಫಿಲ್ಟರನ್ನು ಅದರ ಹಳೆಯ ಡಬ್ಬಿಯಲ್ಲೇ ಕೂರಿಸಲು ದಯವಿಟ್ಟು ಅನುಮತಿ ನೀಡಬೇಕು.

ತಮ್ಮ ವಿಶ್ವಾಸಿ,
ಗೇಲನ್

ಲಗತ್ತುಗಳು:
ಅ) ಹೊಸ ಕಾಗದದ ಫಿಲ್ಟರ್ ಒಂದು (ಡೆಲ್ಮರನ ಎದುರಿಗೇ ಕೊಂಡದ್ದು).
ಆ) ಎಣ್ಣೆಯ ಖಾಲಿ ಬಾಟಲಿ.
ಇ) ಕಾಗದದ ಫಿಲ್ಟರ್ ಕೊಂಡ ಬಗ್ಗೆ ಡೆಲ್ಮರನ ಅಭಿಪ್ರಾಯ: ಮನೆಯೊಳಗೆ ಓದುವಂಥದ್ದಲ್ಲವಾದ್ದರಿಂದ ಲಗತ್ತಿಸಿಲ್ಲ.

ವಿ.ಸೂ.: ಅನುಮತಿ ದೊರೆತ ದಿನ ಸಂಜೆ ತಾವು ಅಡುಗೆಮನೆಯಲ್ಲೇ ಇರಬೇಕಾಗಿ ವಿನಂತಿ. ಅರ್ಜಿದಾರನು ಗಾಡಿಯನ್ನು ನಿಧಾನವಾಗಿ ಅಂಗಳಕ್ಕೆ ತರುತ್ತಾನೆ, ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ಒಳಗೇ ಕೂತಿರುತ್ತಾನೆ. ಕಿಟಕಿಯ ಕಡೆ ನೋಡುವುದಿಲ್ಲ.