ದೃಷ್ಟಿ ತೆಗೆಸಿಕೊಂಡ ಕ್ಯಾಮೆರಾ

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ, ಈ ನಾಲ್ಕೂ ತಾಲೂಕಿನ ಕಟ್ಟಿದ ಮೂಗುಗಳನ್ನೆಲ್ಲ ಬಿಚ್ಚಿದವನು ನಾನೇ. ಸುಳ್ಳು ಬಿಡ್ರಿ, ಈ ಚಹಾ ಮುಗಿಯೋದರೊಳಗ ಖರೇ ಹೇಳ್ತೀನಿ. ಬಿಚ್ಚುವವರು ಡಾಕ್ಟರು. ಅವರು ಮೂಗಿನೊಳಗೆ ಇಳಿಸುವ ಕ್ಯಾಮೆರಾದ ಅಳತೆ ಸರಿಪಡಿಸುವವನು ನಾನು. ಆದರೆ ನಾನು ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅದರಲ್ಲಿ ನನ್ನ ಕೈವಾಡ ಇಲ್ಲವೆಂದು ಹೇಳಲಾರೆ.

೧. ಒಣಮೀನು

ಒಂದು ದಿನ ದಾಂಡೇಲಿಯ ಆಸ್ಪತ್ರೆಗೆ ಹೋಗಿದ್ದೆ. ಅವತ್ತಿನ ಪೇಶಂಟು ಗಣೇಶಗುಡಿಯ ಹೊಳೆಯಲ್ಲಿ ರಾಫ್ಟ್ ನಡೆಸುವವ. ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆಯೇ ಹೋಗಿತ್ತು. ಮಧ್ಯಾಹ್ನ ಅವನ ಆಪರೇಷನ್, ಬೆಳಿಗ್ಗೆ ನನ್ನ ಕೆಲಸ.

"ಸಾಹೇಬ್ರ, ಮನ್ಯಾಗ ಒಣಮೀನು ಸೀದು ಕರಕಲಾತ್ರಿ. ಒಲಿ ಮುಂದ ಕುಂತಾಂವ ನಾನ, ಗೊತ್ತ ಆಗ್ಲಿಲ್ಲ!"

"ಹೆಂಡ್ತಿ ಏನಂದ್ಳು?"

"ಬೈದ್ಲ್ರಿ. ಕಿವಿ ಮಾತ್ರ ಚಲೋ ಅದಾವು."

೨. ದೃಷ್ಟಿದೋಷ

ಕ್ಯಾಮೆರಾದ ಹಿಡಿಕೆಗೆ ನಾಲ್ಕು ಹೊಳೆಯುವ ಗುಂಡುಗಳಿರುತ್ತವೆ. ಎದುರಿನ ಯಂತ್ರ ಆ ಗುಂಡುಗಳನ್ನು ನೋಡಿಯೇ, ಕ್ಯಾಮೆರಾದ ತುದಿ ಮೂಗಿನಲ್ಲಿ ಎಲ್ಲಿದೆಯೆಂದು ಸ್ಕ್ಯಾನಿನ ಚಿತ್ರದ ಮೇಲೆ ತೋರಿಸುತ್ತದೆ. ಮೂಗಿನ ಗೋಡೆಯಾಚೆಯೇ ಕಣ್ಣು. ಎರಡು ಮಿಲಿಮೀಟರ್ ತಪ್ಪಿದರೂ ಡಾಕ್ಟರಮ್ಮ ಆಪರೇಷನ್ ಮಾಡುವುದಿಲ್ಲ. ಹೊಸ ಲೆನ್ಸ್ ಹಾಕಿದ್ದರಿಂದ ಅವತ್ತು ನಾಲ್ಕು ಮಿಲಿಮೀಟರ್ ತಪ್ಪುತ್ತಿತ್ತು.

"ಏನಾಗೈತ್ರಿ ಇದಕ?" ಎಂದಳು ಆಸ್ಪತ್ರೆಯ ಆಯಾ.

ನನಗೆ ಸುಮ್ಮನಿರಲು ಬರುವುದಿಲ್ಲ. ಮುಖ ಸಣ್ಣ ಮಾಡಿಕೊಂಡು, "ದೃಷ್ಟಿದೋಷ, ಅಕ್ಕಾ" ಎಂದೆ.

"ಅಯ್ಯ ಶಿವನ! ಯಾರ ಕಣ್ಣು ಬಿತ್ತೋ!"

ಕ್ಯಾಮೆರಾಕ್ಕೆ ತೋರಿಸಿ ಅಳತೆ ಕಲಿಸುವ ಕಪ್ಪು-ಬಿಳಿ ಚೌಕಳಿಯ ಹಲಗೆ ತರಲು ಗಾಡಿಗೆ ಹೋಗಿ ಬಂದೆ. ಅಷ್ಟರಲ್ಲಿ ನಾಲ್ಕೂ ಗುಂಡಿಗೆ ಮೂರು ಮೂರು ಬೆರಳಿನ ವಿಭೂತಿ! ಮೊದಲು ಯಂತ್ರಕ್ಕೆ ಮಂದಗಣ್ಣಿತ್ತು, ಈಗ ಪೂರ್ತಿ ಕುರುಡು.

೩. ಅರ್ಧ ಮಿಲಿಮೀಟರ್

"ಹನ್ನೆರಡರೊಳಗ ಸರಿ ಆಗಲಿಲ್ಲಂದ್ರ ಇವತ್ತ ಆಪರೇಷನ್ ಇಲ್ಲ" ಎಂದರು ಡಾಕ್ಟರಮ್ಮ.

ಬಾಗಿಲಲ್ಲಿ ನಿಂತಿದ್ದ ಪೇಶಂಟಿಗೆ ಕೇಳಿಸಿತು. ಕಿವಿ ಚಲೋ ಅಲ್ಲವೇ. "ಸಾಹೇಬ್ರ, ಮತ್ತ ಮೀನು ಸುಡೂದ ಏನ್ರಿ?"

ನನ್ನ ನಗು ಉಡುಗಿತು. ಹೊಸ ಗುಂಡು ಹಾಕಿದೆ. ಹಲಗೆಯನ್ನು ಇಪ್ಪತ್ತು ಕಡೆಯಿಂದ ತೋರಿಸಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತಪ್ಪು ಅರ್ಧ ಮಿಲಿಮೀಟರಿಗೆ ಇಳಿಯಿತು. ಡಾಕ್ಟರಮ್ಮ ತಲೆಯಾಡಿಸಿದರು.

ಆಯಾ ಸೆರಗು ಸರಿಮಾಡಿಕೊಂಡಳು. "ವಿಭೂತಿ ಕೆಲಸ ಮಾಡ್ತು ನೋಡ್ರಿ."

೪. ಘಾಟು

ಆಪರೇಷನ್ ಸುಸೂತ್ರ. ಕೆಲವು ವಾರಗಳ ಮೇಲೆ ಅವನು ತಪಾಸಣೆಗೆ ಬಂದ ದಿನ ನಾನೂ ಅಲ್ಲಿದ್ದೆ.

"ವಾಸನಿ ಬಂತೇನಪಾ?" ಎಂದೆ.

"ಇನ್ನಾ ಗೊತ್ತಾಗವಲ್ದ್ರಿ."

ನಾನು ಅವತ್ತಿನ ಅಳತೆಯ ರಿಪೋರ್ಟು ತೆಗೆದು ಮತ್ತೆ ನೋಡತೊಡಗಿದೆ. ಆಯಾ ನನ್ನ ಮುಖ ನೋಡಿ, "ಈಗ ನಿಮಗ ದೃಷ್ಟಿ ಆಗೈತಿ" ಎಂದು ಹಿತ್ತಲಿಗೆ ಎಳೆದೊಯ್ದಳು. ಉಪ್ಪು, ಬ್ಯಾಡಗಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ಇದ್ದರೆ ಘಾಟು ಬರುವುದಿಲ್ಲವಂತೆ, ಬಂದರೆ ಎಲ್ಲ ಸರಿಯಂತೆ.

ಒಳಗಿನಿಂದ ಕೂಗು ಬಂತು: "ಅಕ್ಕಾ! ಮೆಣಸಿನಕಾಯಿ ಸೀದಾವು! ವಾಸನಿ ಬಂತು, ವಾಸನಿ!" ಅವನು ಹೊರಗೆ ಓಡಿ ಬಂದು ಕುಣಿದ. ಹಿಂದೆಯೇ ಡಾಕ್ಟರಮ್ಮ ಕೆಮ್ಮುತ್ತ ಬಂದರು.

ಆಯಾ ನನ್ನ ಕೈಯ ರಿಪೋರ್ಟಿಗೆ ಬೆರಳು ತೋರಿಸಿ ಹೇಳಿದಳು: "ಘಾಟು ಬಂತಲ್ಲ? ನಿಮ್ಮ ಅಳತಿ ಸರಿ ಐತಿ ಅಂತ ಈಗ ಬರಕೊಳ್ರಿ!"

ಬರೆದುಕೊಂಡೆ. ನಗಬ್ಯಾಡ್ರಿ, ನಾನು ಹೇಳಿದ್ದರಲ್ಲಿ ಸುಳ್ಳು ಅರ್ಧ ಮಿಲಿಮೀಟರಿಗಿಂತ ಹೆಚ್ಚಿಲ್ಲ. ಅಂದ ಹಾಗೆ, ನನ್ನ ಚಹಾದ ರೊಕ್ಕ ನೀವ ಕೊಟ್ಟಬಿಡ್ರಿ.